ಒಂದು ಸೆಕೆಂಡಿನ ಕೆಲಸಕ್ಕೆ ಮೂರು ದಿನ ಇಪ್ಪತ್ತು ಗಂಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ, ಮನೆಗೆ ಫೈಬರ್ ಹಾಕಿಸುವವರು ಮೊದಲು ಕೇಳುವುದು ಸ್ಪೀಡ್ ಎಷ್ಟು ಅಂತ. 100 ಎಂಬಿಪಿಎಸ್ ಎನ್ನುತ್ತಾರೆ. ಸರಿ ಅಂತ ತಲೆ ಆಡಿಸುತ್ತೇವೆ. ಆದರೆ ಆ 100 ಎಷ್ಟು ದೊಡ್ಡದು? ನನಗೆ ಅದು ಮನಸ್ಸಿಗೆ ನಾಟಿದ್ದು, ಫೋನ್ ತಂತಿಯಲ್ಲಿ ಕಂಪ್ಯೂಟರುಗಳ ಮಾಹಿತಿ ಸಾಗಿಸುತ್ತಿದ್ದ ಹಳೆಯ ಮೋಡೆಮ್‌ಗಳ ಲೆಕ್ಕಕ್ಕೆ ಇಳಿಸಿ ನೋಡಿದಾಗ.

100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 10 ಕೋಟಿ ಬಿಟ್. ಒಂದು ಬಿಟ್ ಅಂದರೆ ಒಂದು ಅಥವಾ ಸೊನ್ನೆ, ಅಷ್ಟೇ. 1962ರಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ ಹೊರತಂದ ಬೆಲ್ 103 ಮೋಡೆಮ್ ಸಾಗಿಸುತ್ತಿದ್ದದ್ದು ಸೆಕೆಂಡಿಗೆ 300 ಬಿಟ್. ಭಾಗಿಸಿ ನೋಡಿ. ನಿಮ್ಮ ಫೈಬರ್ ಒಂದೇ ಸೆಕೆಂಡಿನಲ್ಲಿ ತರುವುದನ್ನು ತರಲು ಆ ಮೋಡೆಮ್‌ಗೆ 3,33,333 ಸೆಕೆಂಡ್ ಬೇಕು. ಸೋಮವಾರ ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಮುಗಿಯುವುದು ಶುಕ್ರವಾರ ನಸುಕಿಗೆ!

ಆ ಮೋಡೆಮ್ ಕೆಲಸ ಮಾಡುತ್ತಿದ್ದ ಬಗೆ ರೇಡಿಯೋ ಕೇಳುವವರಿಗೆ ಇಷ್ಟವಾಗಬಹುದು. ಅದು ಸಿಳ್ಳೆ ಹೊಡೆಯುತ್ತಿತ್ತು. ಕರೆ ಮಾಡಿದ ಕಡೆಯಿಂದ ಒಂದು ಎಂದು ಹೇಳಲು 1,270 ಹರ್ಟ್ಸ್ ಸ್ವರ, ಸೊನ್ನೆ ಎಂದು ಹೇಳಲು 1,070 ಹರ್ಟ್ಸ್ ಸ್ವರ. ಆ ಕಡೆಯವರು ಉತ್ತರಿಸುವುದು ಇನ್ನೂ ಮೇಲಿನ ಎರಡು ಸ್ವರಗಳಲ್ಲಿ. ಮಾತಿಗಾಗಿ ಹಾಕಿದ ಫೋನ್ ತಂತಿಯಲ್ಲಿ ಶಬ್ದ ಮಾತ್ರ ಹೋಗಬಲ್ಲದು, ಅದಕ್ಕೇ ಈ ಉಪಾಯ.

ಒಂದು ಬೈಟಿಗೆ ಎಂಟು ಬಿಟ್. ಅದರ ಆಚೆ ಈಚೆ ಗುರುತಿಗೆ ಇನ್ನೆರಡು. ಹಾಗಾಗಿ 300 ಬಿಟ್ ಅಂದರೆ ಸೆಕೆಂಡಿಗೆ 30 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಇವತ್ತಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟ್ ಬೇಕು. ‘ಮಂಗಳೂರು’ ಬರೆಯಲು ಸೊನ್ನೆ, ಕೊಂಬು, ದೀರ್ಘ ಎಲ್ಲ ಸೇರಿ ಏಳು ಚಿಹ್ನೆ, 21 ಬೈಟ್. ಆ ಮೋಡೆಮ್‌ನಲ್ಲಿ ಕಳಿಸಿದರೆ ಮುಕ್ಕಾಲು ಸೆಕೆಂಡಿಗೆ ಸ್ವಲ್ಪ ಕಡಿಮೆ. ನಾನು ಬಾಯಲ್ಲಿ ಹೇಳಲು ತೆಗೆದುಕೊಳ್ಳುವುದೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಈ ಭಾಷಣ ಬರಹವಾಗಿ ಆ ತಂತಿಯಲ್ಲಿ ಬಂದಿದ್ದರೆ ನನ್ನ ಓದಿನ ವೇಗದ ಆಸುಪಾಸಿನಲ್ಲೇ ಬರುತ್ತಿತ್ತು. ಮನುಷ್ಯನ ಮಾತಿನ ವೇಗದಲ್ಲಿ ಶುರುವಾದ ಯಂತ್ರ ಅದು. ನನಗೆ ಈ ಲೆಕ್ಕ ಬಹಳ ಇಷ್ಟ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗ ಸರ್ಕಾರದ್ದಾಗಿದ್ದ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಮೂಲಕ, ಮೊದಲಿಗೆ ದೊಡ್ಡ ನಗರಗಳಲ್ಲಿ. ಆಗ ಡಯಲ್-ಅಪ್, ಅಂದರೆ ಫೋನ್ ಕರೆ ಮಾಡಿ ಇಂಟರ್ನೆಟ್ ಸೇರುವ ಪದ್ಧತಿ; ಅದರ ವೇಗ ಸೆಕೆಂಡಿಗೆ 9,600 ಬಿಟ್. ಆಮೇಲೆ ಸಾವಿರದ ಲೆಕ್ಕದಲ್ಲಿ 14.4, 28.8, 33.6, ಕೊನೆಗೆ 1997-98ರ ಸುಮಾರಿಗೆ 56ಕೆ, ಅಂದರೆ 56 ಸಾವಿರ ಬಿಟ್. ಅಲ್ಲಿಗೆ ನಿಂತಿತು. ಟೆಲಿಫೋನ್ ಎಕ್ಸ್‌ಚೇಂಜ್ ಒಂದು ಕರೆಯ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಸಲ ಎಂಟು ಬಿಟ್‌ನಲ್ಲಿ ಬರೆದುಕೊಳ್ಳುತ್ತದೆ. ಒಟ್ಟು 64,000. ಅದನ್ನು ಮೀರುವ ದಾರಿಯೇ ಇರಲಿಲ್ಲ.

ಆ 56 ಕೂಡ ಪೆಟ್ಟಿಗೆಯ ಮೇಲೆ ಬರೆದ ಅಂಕಿ. ಕರಾವಳಿಯ ಮಳೆಗಾಲ ನಿಮಗೆ ಗೊತ್ತಲ್ವಾ? ಕೇಬಲ್ ಜಾಯಿಂಟಿಗೆ ನೀರು ಇಳಿದರೆ ಲೈನಿನಲ್ಲಿ ಕರಕರ ಶಬ್ದ. ಮೋಡೆಮ್ ಆ ಶಬ್ದದ ನಡುವೆ ಕೇಳಿಸಿಕೊಳ್ಳಲಾರದೆ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಜೋರಾದರೆ ಕನೆಕ್ಷನ್ನೇ ಕಟ್. ಮತ್ತೆ ಡಯಲ್ ಮಾಡಬೇಕು, ಫೋನ್ ಬಿಲ್ ಏರುತ್ತಲೇ ಇರುತ್ತದೆ.

ಈಗ ನಮ್ಮೂರಿನ ಒಂದು ಉದಾಹರಣೆ. ದುಬೈಯಲ್ಲಿರುವ ಮಗ, ಮೊಮ್ಮಗುವಿನ ಫೋಟೋ ಕಳಿಸುತ್ತಾನೆ. ಮೊಬೈಲಿನಲ್ಲಿ ತೆಗೆದದ್ದು, 3 ಎಂಬಿ, ಅಂದರೆ 30 ಲಕ್ಷ ಬೈಟ್ ಅಂತಿಟ್ಟುಕೊಳ್ಳಿ. ಫೈಬರಿನಲ್ಲಿ ಕಾಲು ಸೆಕೆಂಡ್. 56ಕೆಯಲ್ಲಿ, ಲೈನ್ ಚೆನ್ನಾಗಿದ್ದರೆ, ಏಳು ನಿಮಿಷ. 1995ರ 9,600ರಲ್ಲಿ 40ರಿಂದ 50 ನಿಮಿಷ. ಬೆಲ್ 103ರಲ್ಲಿ 27 ಗಂಟೆ 46 ನಿಮಿಷ. ಹಾಗಂತ ಆಗ ಯಾರೂ ಇಷ್ಟು ದೊಡ್ಡ ಚಿತ್ರ ಕಳಿಸುತ್ತಿರಲಿಲ್ಲ. ಚಿತ್ರವನ್ನು ಚಿಕ್ಕದು ಮಾಡಿ, ಬಣ್ಣ ಕಡಿಮೆ ಮಾಡಿ ಕಳಿಸುತ್ತಿದ್ದರು. ಇವತ್ತು ಮೂರು ಎಂಬಿಯನ್ನು ನಾವು ಯೋಚನೆಯೇ ಇಲ್ಲದೆ ಕಳಿಸುತ್ತೇವೆ, ಆ ವೇಗ ಬಂದದ್ದರಿಂದ.

ನೀವೂ ಲೆಕ್ಕ ಹಾಕಬಹುದು. ನಿಮ್ಮ ಪ್ಲಾನಿನ ಎಂಬಿಪಿಎಸ್ ಅನ್ನು 18ರಿಂದ ಗುಣಿಸಿ. ಅಷ್ಟು 56ಕೆ ಮೋಡೆಮ್‌ಗಳು ಒಟ್ಟಿಗೆ ಸೇರಿದರೆ ನಿಮ್ಮ ಒಂದು ಫೈಬರಿಗೆ ಸಮ. ನೂರರ ಪ್ಲಾನಿಗೆ ಸುಮಾರು 1,800 ಮೋಡೆಮ್, 1,800 ಫೋನ್ ಲೈನ್! ಇನ್ನೊಂದು ಮಾತು. ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ 12 ಅಂತ ತೋರಿಸಿದರೆ ಗಾಬರಿ ಬೇಡ. ಅದು ಬೈಟ್ ಲೆಕ್ಕ. ಎಂಟರಿಂದ ಗುಣಿಸಿದರೆ ನಿಮ್ಮ ನೂರರ ಹತ್ತಿರ ಬರುತ್ತದೆ.

ಆದರೆ ಈ ಗುಣಾಕಾರ ಭಾಗಾಕಾರಕ್ಕೆ ಸಿಗದ ಒಂದು ಸಮಯ ಇದೆ. ನೀವು ‘ಹಲೋ’ ಅಂದದ್ದು ದುಬೈಗೆ ಮುಟ್ಟಿ ಉತ್ತರ ಬರುವ ಸಮಯ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮಂಗಳೂರಿನಿಂದ ದುಬೈ ನೇರ ಹಾದಿಯಲ್ಲೇ 2,000 ಕಿಲೋಮೀಟರಿಗಿಂತ ಜಾಸ್ತಿ. ಹೋಗಿ ಬರಲು ಒಂದು ಸೆಕೆಂಡಿನ ಐವತ್ತನೇ ಒಂದು ಭಾಗವಾದರೂ ಬೇಕೇ ಬೇಕು. ಡಯಲ್-ಅಪ್ ಕಾಲದಲ್ಲಿ ಮೋಡೆಮ್ ಒಂದೇ ಇದಕ್ಕಿಂತ ಎಷ್ಟೋ ಜಾಸ್ತಿ ತಡ ಮಾಡುತ್ತಿತ್ತು, ಆ ಭಾಗ ಈಗ ಹೋಗಿದೆ. ದೂರದ ಭಾಗ ಹಾಗೇ ಉಳಿದಿದೆ. ನೂರರ ಪ್ಲಾನನ್ನು ಇನ್ನೂರಕ್ಕೆ ಏರಿಸಿದರೆ ಫೋಟೋ ಇನ್ನೂ ಬೇಗ ಬರುತ್ತದೆ. ಉತ್ತರ ಬರುವ ಆ ಕ್ಷಣ ಮಾತ್ರ ಅಷ್ಟೇ ಇರುತ್ತದೆ.

ನಮಸ್ಕಾರ.