ಬಸುರಿ ತಟ್ಟೆಯಲ್ಲಿ ಕಾಳೆಷ್ಟು?

ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಅಡುಗೆಮನೆಯಲ್ಲಿ ಇರುವವರು ಹೆಚ್ಚಾಗಿ ಅತ್ತೆಯಂದಿರು, ಅಮ್ಮಂದಿರು ಅಂತ ನನ್ನ ಅಂದಾಜು. ನಾನು ಮಾತಾಡಬೇಕಿರುವುದೂ ನಿಮ್ಮ ಹತ್ತಿರವೇ, ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಬಗ್ಗೆ. ಬಸುರಿ ಏನು ತಿನ್ನಬೇಕು ಅನ್ನೋದನ್ನ ನಿಜವಾಗಿ ತೀರ್ಮಾನ ಮಾಡುವವರು ಡಾಕ್ಟರಲ್ಲ, ನನ್ನಂಥ ಡಯಟಿಶಿಯನ್ನೂ ಅಲ್ಲ, ಸೌಟು ಹಿಡಿದವರು.

ನನ್ನ ಹತ್ತಿರ ಬರುವ ಮನೆಯವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ನಾವು ಮಾಂಸ ಮುಟ್ಟೋರಲ್ಲ ಮೇಡಂ, ಸಿಹಿನೂ ಜಾಸ್ತಿ ಕೊಟ್ಟಿಲ್ಲ, ಇವಳಿಗೆ ಸಕ್ಕರೆ ಕಾಯಿಲೆ ಎಲ್ಲಿಂದ ಬಂತು?" ಮಗು ಬೆಳೆದ ಹಾಗೆ ಮಾಸು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವುದು ತಾಯಿಯ ಇನ್ಸುಲಿನ್, ಅದರ ಕೆಲಸಕ್ಕೆ ಅವು ಅಡ್ಡ ಬರುತ್ತವೆ. ಹೆಚ್ಚಿನವರ ದೇಹ ಇನ್ನಷ್ಟು ಇನ್ಸುಲಿನ್ ಮಾಡಿ ಸರಿದೂಗಿಸಿಕೊಳ್ಳುತ್ತದೆ, ಕೆಲವರಿಗೆ ಅದು ಆಗೋದಿಲ್ಲ. ಯಾರ ತಪ್ಪೂ ಅಲ್ಲ. ಆದರೆ ಆಮೇಲೆ ತಟ್ಟೆಗೆ ಏನು ಬಡಿಸುತ್ತೀರಿ ಅನ್ನೋದು ನಿಮ್ಮ ಕೈಯಲ್ಲೇ ಇದೆ.

ಅದಕ್ಕೆ ನನ್ನ ಮಾತು ಇಷ್ಟೇ: ಅನ್ನ ಇಳಿಸಿ, ಕಾಳು ಏರಿಸಿ.

ಸಸ್ಯಾಹಾರ ಒಳ್ಳೆಯದೇ, ಅದರಲ್ಲಿ ಅನುಮಾನ ಬೇಡ. ಅಮೆರಿಕದಲ್ಲಿ ಸಾವಿರಾರು ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಬಸುರಿಯಾಗುವ ಮುಂಚೆ ಮಾಂಸದ ಬದಲು ಕಾಳು, ಬೀಜಗಳಿಂದ ಪ್ರೋಟೀನ್ ಪಡೆದವರಲ್ಲಿ ಈ ಕಾಯಿಲೆ ಕಡಿಮೆ ಕಂಡಿತು. ಕಾಳು, ಬೀಜ ಅಂದೆ ನೋಡಿ, ಅನ್ನ ಅನ್ನಲಿಲ್ಲ. ನಮ್ಮಲ್ಲಿ ಸಸ್ಯಾಹಾರ ಅಂದರೆ ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು, ಅಂಚಿನಲ್ಲಿ ಒಂದು ಚಿಟಿಕೆ ಪಲ್ಯ. ಅಲ್ವಾ?

ಅರಸೀಕೆರೆ ಕಡೆಯ ಒಬ್ಬ ಸ್ಕೂಲ್ ಟೀಚರ್ ಬಂದಿದ್ದರು, ಏಳನೇ ತಿಂಗಳು, ಜೊತೆಗೆ ಅತ್ತೆ. ಊಟವಾಗಿ ಎರಡು ಗಂಟೆಗೆ ಸಕ್ಕರೆ 168. ಇರಬೇಕಾದದ್ದು 120ರ ಒಳಗೆ. ಆ ಅತ್ತೆಯವರು ಕೈಚೀಲ ತೊಡೆ ಮೇಲಿಟ್ಟುಕೊಂಡು ಗಟ್ಟಿಯಾಗಿ ಕೂತಿದ್ದರು, ಸೊಸೆಗೆ ಬಾಯಿ ತೆರೆಯೋಕೇ ಬಿಡಲಿಲ್ಲ. ದಿನದ ಊಟ ಹೇಳಿ ಅಂದೆ. ಬೆಳಿಗ್ಗೆ ಚಿತ್ರಾನ್ನ. ಹನ್ನೊಂದಕ್ಕೆ ರಾಗಿ ಗಂಜಿ, ಬೆಲ್ಲ ಹಾಕಿ. ಮಧ್ಯಾಹ್ನ ಅನ್ನ ಸಾರು, ಆಮೇಲೆ ಅನ್ನ ಮಜ್ಜಿಗೆ. ಸಂಜೆ ಹಣ್ಣಿನ ಜ್ಯೂಸು. ರಾತ್ರಿ ಮುದ್ದೆ ಬಸ್ಸಾರು, ಮುದ್ದೆ ಆದ ಮೇಲೆ ಸುಮ್ನೆ ಒಂದಿಷ್ಟು ಅನ್ನ. "ಎರಡು ಜೀವ ಅಲ್ವಾ ಮೇಡಂ, ಇಬ್ಬರ ಪಾಲು ತಿನ್ನಬೇಕು." ಸರಿ, ಬಸ್ಸಾರು ಅಂದಿರಲ್ಲ, ಬಸಿದ ಮೇಲೆ ಉಳಿಯುತ್ತಲ್ಲ ಕಾಳು, ಸೊಪ್ಪು, ಆ ಪಲ್ಯ ಇವರಿಗೆ ಎಷ್ಟು ಬಡಿಸುತ್ತೀರಿ ಅಂತ ಕೇಳಿದೆ. ಬೆರಳುಗಳನ್ನು ಜೋಡಿಸಿ ತೋರಿಸಿದರು, ಅಡಿಕೆ ಹಿಡಿದಷ್ಟು. ಯಾತರಲ್ಲಿ ಬಡಿಸುತ್ತೀರಿ? "ಪಲ್ಯಕ್ಕೆ ಚಮಚ, ಅನ್ನಕ್ಕೆ ದೊಡ್ಡ ಸೌಟು." ಇಷ್ಟೇ ಬದಲಾಯಿಸಿ ಅಂದೆ. ಸೌಟು ಕಾಳಿಗೆ ಹೋಗಲಿ, ಅನ್ನವನ್ನು ಒಂದು ಸಣ್ಣ ಬಟ್ಟಲಲ್ಲಿ ಅಳೆದು ಹಾಕಿ, ಎರಡನೇ ಸಲ ಹಾಕಬೇಡಿ. ಜ್ಯೂಸು ಬಂದ್, ಹಣ್ಣನ್ನು ಹೆಚ್ಚಿಕೊಡಿ.

ಅವರಿಗೆ ಕೋಪ ಬಂತು, ಮುಖದಲ್ಲೇ ಕಂಡಿತು. ಆದರೆ ಎರಡು ವಾರ ಬಿಟ್ಟು ಬಂದಾಗ ಅವರೇ ನನಗೆ ಪಾಠ ಹೇಳಿದರು. ಆಗ ಅವರೆಕಾಯಿ ಸೀಸನ್. ಊಟಕ್ಕೆ ಮುಂಚೆ ಸೊಸೆಯನ್ನು ಕೂರಿಸಿ ಒಂದು ಬಟ್ಟಲು ಅವರೆಕಾಳು ಉಸ್ಲಿ, ಇಲ್ಲದಿದ್ದರೆ ಹೆಸರುಬೇಳೆ ಸೌತೆಕಾಯಿ ಕೋಸಂಬರಿ, ಅದು ಖಾಲಿಯಾದ ಮೇಲೇ ಅನ್ನ. "ಹೊಟ್ಟೆ ಅರ್ಧ ತುಂಬಿರುತ್ತಲ್ಲ ಮೇಡಂ, ಅನ್ನ ಅವಳೇ ಬೇಡ ಅಂತಾಳೆ." ಎಷ್ಟು ಚೆನ್ನಾಗಿದೆ ನೋಡಿ! ತರಕಾರಿ, ಕಾಳು ಮೊದಲು ಹೋದರೆ ಸಕ್ಕರೆ ನಿಧಾನವಾಗಿ ಏರುತ್ತದೆ, ಅದನ್ನು ಆ ತಾಯಿ ಯಾರೂ ಹೇಳಿಕೊಡದೆ ಕಂಡುಕೊಂಡಿದ್ದರು. ಆ ದಿನ ಸಕ್ಕರೆ 116. ಮನೆ ಅಡುಗೆಯಲ್ಲಿ ಹೊಸದೇನೂ ಬರಲಿಲ್ಲ. ಅನ್ನ ಇಳಿಯಿತು, ಕಾಳು ಏರಿತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ರಾಗಿ. ರಾಗಿ ತಿಂದರೆ ಸಕ್ಕರೆ ಬರೋದಿಲ್ಲ ಅಂತ ಎಷ್ಟು ಜನ ಹೇಳುತ್ತೀರಿ! ರಾಗಿಯಲ್ಲಿ ಸುಣ್ಣದ ಅಂಶ ಧಾರಾಳ, ನಾರೂ ಇದೆ, ಬಿಡಬೇಡಿ. ಆದರೆ ಹೊಟ್ಟೆಗೆ ಹೋಗಿ ಸಕ್ಕರೆಯಾಗುವ ಪಿಷ್ಟ ಹೆಚ್ಚುಕಡಿಮೆ ಅಕ್ಕಿಯಷ್ಟೇ. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ 7 ಗ್ರಾಂ, ಅಷ್ಟೇ ಹೆಸರುಕಾಳಿನಲ್ಲಿ 20ಕ್ಕೂ ಮೇಲೆ. ಆದ್ದರಿಂದ ಮುದ್ದೆ ಚಿಕ್ಕದಿರಲಿ, ಮುದ್ದೆ ತಿಂದ ಮೇಲೆ ಅನ್ನ ಬೇಡ. ನುಣ್ಣಗಿನ ಗಂಜಿಗೆ ಬೆಲ್ಲ ಹಾಕಿ ಕುಡಿಸೋದು ಬೇಡವೇ ಬೇಡ. ಬೆಲ್ಲವೂ ಸಕ್ಕರೆಯೇ.

ಇನ್ನೊಂದು, ಬಿ12 ವಿಟಮಿನ್. ಇದು ಯಾವ ಕಾಳಲ್ಲೂ ಸೊಪ್ಪಲ್ಲೂ ಸಿಗೋದಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅದೇ ಮಿಷನ್ ಆಸ್ಪತ್ರೆ, 1997-98ರಲ್ಲಿ ಬಸುರಿಯರ ರಕ್ತ ಪರೀಕ್ಷೆ ಮಾಡಿದಾಗ 100ಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಬಿ12 ಕಡಿಮೆ ಇತ್ತು. ಕಡಿಮೆ ಇದ್ದವರಲ್ಲೇ ಬಸುರಿನ ಸಕ್ಕರೆ ಕಾಯಿಲೆಯೂ ಜಾಸ್ತಿ ಕಂಡಿತು. ಹಾಲು ಮೊಸರು ತಪ್ಪಿಸಬೇಡಿ. ಅದನ್ನೂ ಬಿಟ್ಟವರು ಡಾಕ್ಟರನ್ನು ಕೇಳಿ ಬಿ12 ಮಾತ್ರೆ ತಗೊಳ್ಳಲೇಬೇಕು.

ಪರೀಕ್ಷೆ ಯಾವಾಗ? ಮೊದಲ ಸಲ ಆಸ್ಪತ್ರೆಗೆ ಹೋದಾಗ ಒಮ್ಮೆ, 24ರಿಂದ 28 ವಾರದೊಳಗೆ ಮತ್ತೊಮ್ಮೆ. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕುಡಿಸಿ ಎರಡು ಗಂಟೆಗೆ ರಕ್ತ ನೋಡುತ್ತಾರೆ, ಖಾಲಿ ಹೊಟ್ಟೆಯಲ್ಲೇ ಹೋಗಬೇಕು ಅಂತಿಲ್ಲ. 140 ಮುಟ್ಟಿದರೆ ಕಾಯಿಲೆ ಇದೆ ಅಂತ. ಆ ವಾರಗಳಲ್ಲೇ ಸೀಮಂತವೂ ಬರುತ್ತದೆ, ಗಮನಿಸಿದ್ದೀರಾ? ಪುಳಿಯೋಗರೆ, ಚಿತ್ರಾನ್ನ, ಸಿಹಿ ಪೊಂಗಲ್, ಮೊಸರನ್ನ, ಒಬ್ಬೊಬ್ಬರ ಮನೆಯಿಂದ ಒಂದೊಂದು ಡಬ್ಬಿ, ಎಲ್ಲಾ ಅನ್ನವೇ. ಮಡಿಲು ತುಂಬಿ, ಹಾಡು ಹೇಳಿ, ಬಳೆ ತೊಡಿಸಿ. ಡಬ್ಬಿಯಲ್ಲಿ ಮಾತ್ರ ಕಡಲೆಕಾಳು ಉಸ್ಲಿ ತಗೊಂಡು ಹೋಗಿ.

ಊಟವಾದ ಮೇಲೆ ಕಾಲು ಗಂಟೆ ಅಂಗಳದಲ್ಲಿ ನಡೆಸಿ. ಇಷ್ಟು ಮಾಡಿಯೂ ಎರಡು ವಾರದಲ್ಲಿ ಸಕ್ಕರೆ ಇಳಿಯದಿದ್ದರೆ ಡಾಕ್ಟರ್ ಮಾತ್ರೆ ಅಥವಾ ಇನ್ಸುಲಿನ್ ಬರೆಯುತ್ತಾರೆ. ಇನ್ಸುಲಿನ್ನಿಂದ ಮಗುವಿಗೆ ತೊಂದರೆ ಅಂತ ಹೆದರಿಸುವವರ ಮಾತು ದಯವಿಟ್ಟು ಕೇಳಬೇಡಿ, ಸಕ್ಕರೆ ಏರಿಸಿಕೊಂಡು ಕೂತರೇ ಮಗುವಿಗೆ ತೊಂದರೆ.

ಕೊನೆಯದು, ಎಲ್ಲರೂ ಮರೆಯುವುದು ಇದನ್ನೇ. ಹೆರಿಗೆಯಾದ ಮೇಲೆ ಸಕ್ಕರೆ ಸಾಮಾನ್ಯವಾಗಿ ಇಳಿಯುತ್ತದೆ, ಆದರೆ ಮುಂದೆ ಮತ್ತೆ ಬರುವ ಸಂಭವ ಜಾಸ್ತಿ. ಆರು ವಾರಕ್ಕೆ ಮಗುವಿಗೆ ಲಸಿಕೆ ಹಾಕಿಸಲು ಹೇಗೂ ಹೋಗುತ್ತೀರಲ್ಲ, ಆವತ್ತೇ ತಾಯಿ ಕಾರ್ಡ್ ತೋರಿಸಿ ಬಾಣಂತಿಯ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿಕೊಂಡು ಬನ್ನಿ. ನಮಸ್ಕಾರ.