ಡ್ರಾ ಬೇಡವೆಂದ ಬೆಂಟ್ ಲಾರ್ಸೆನ್

ಕೇಳುಗರೆಲ್ಲರಿಗೂ ನಮಸ್ಕಾರ.

1956ರಲ್ಲಿ ದೇಶಗಳ ತಂಡಗಳು ಸೆಣಸುವ ಚೆಸ್ ಒಲಿಂಪಿಯಾಡ್ ನಡೆದದ್ದು ಮಾಸ್ಕೋದಲ್ಲಿ. ಆತಿಥೇಯ ಸೋವಿಯತ್ ತಂಡದ ಆರು ಮಂದಿಯೂ ಗ್ರ್ಯಾಂಡ್‌ಮಾಸ್ಟರ್‌ಗಳು. ಒಂದನೇ ಬೋರ್ಡಿನಲ್ಲಿ, ಅಂದರೆ ತಂಡದ ಮೊದಲ ಆಟಗಾರನ ಜಾಗದಲ್ಲಿ ಕೂತವರು ಸ್ವತಃ ವಿಶ್ವ ಚಾಂಪಿಯನ್ ಮಿಖಾಯಿಲ್ ಬೋತ್ವಿನ್ನಿಕ್. ಹೀಗಿದ್ದೂ ಒಂದನೇ ಬೋರ್ಡಿನ ಚಿನ್ನದ ಪದಕ ಡೆನ್ಮಾರ್ಕಿನ ಪಾಲಾಯಿತು. ಗೆದ್ದವರು 21 ವರ್ಷದ ಬೆಂಟ್ ಲಾರ್ಸೆನ್. ಆಡಿದ ಆಟ 18. ಗೆಲುವು 11, ಡ್ರಾ 6, ಸೋಲು ಒಂದೇ ಒಂದು. ಗೆಲುವಿಗೆ ಒಂದು ಅಂಕ, ಡ್ರಾಗೆ ಅರ್ಧ. ಒಟ್ಟು 14 ಅಂಕ, ಅಂದರೆ ಶೇಕಡ 77ಕ್ಕೂ ಹೆಚ್ಚು. ಬೋರ್ಡ್ ಪದಕವನ್ನು ಈ ಶೇಕಡಾವಾರು ಲೆಕ್ಕದಲ್ಲೇ ಕೊಡುತ್ತಿದ್ದರು. ಬೋತ್ವಿನ್ನಿಕ್ ಜೊತೆಗಿನ ಆಟ ಡ್ರಾ ಆಯಿತು. ಯುಗೊಸ್ಲಾವಿಯದ ಗ್ಲಿಗೊರಿಚ್ ಸೋತರು. ಅದೇ ವರ್ಷ ಲಾರ್ಸೆನ್‌ಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಬಂತು. ಡೆನ್ಮಾರ್ಕಿಗೆ ಅದೇ ಮೊದಲನೆಯದು.

ಲಾರ್ಸೆನ್ ಹುಟ್ಟಿದ್ದು 1935ರ ಮಾರ್ಚ್ 4ರಂದು, ಯೂಟ್ಲಂಡಿನ ಥಿಸ್ಟೆಡ್ ಪಟ್ಟಣದ ಹತ್ತಿರ. 17ನೇ ವಯಸ್ಸಿಗೆ ಸಿವಿಲ್ ಎಂಜಿನಿಯರಿಂಗ್ ಓದಲು ಕೋಪನ್‌ಹೇಗನ್ನಿಗೆ ಬಂದರು. ಪದವಿ ಕೊನೆಗೂ ಮುಗಿಯಲಿಲ್ಲ. ರಾಜಧಾನಿಯ ಕ್ಲಬ್ಬಿನಲ್ಲಿ ಅವರಿಗೆ ಎದುರಾಳಿಯಾಗಿ ಸಿಕ್ಕವರು ಯೆನ್ಸ್ ಎನೆವೊಲ್ಡ್‌ಸೆನ್. 1933ರಲ್ಲೇ ಮಹಾನ್ ಆಟಗಾರ ನಿಮ್ಜೊವಿಚ್ ಅವರನ್ನು ಸೋಲಿಸಿದ್ದ, ಡೆನ್ಮಾರ್ಕಿನ ಚಾಂಪಿಯನ್ ಪಟ್ಟವನ್ನು ಹಲವು ಸಲ ಗೆದ್ದಿದ್ದ ಹಿರಿಯರು. ಬೆಳೆಯುವ ಹುಡುಗನಿಗೆ ಇಂಥ ಎದುರಾಳಿ ಪದೇ ಪದೇ ಸಿಗುವುದು ಹತ್ತು ಪುಸ್ತಕ ಓದುವುದಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ.

ಡೆನ್ಮಾರ್ಕಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುವುದು ಈಸ್ಟರ್ ರಜೆಯಲ್ಲಿ. ನೌಕರಿ, ಓದು ಇರುವ ಹವ್ಯಾಸಿಗಳಿಗೆ ಬಿಡುವು ಸಿಗುವುದೇ ಆಗ. ಲಾರ್ಸೆನ್ 1954, 1955, 1956 ಮೂರೂ ವರ್ಷ ಅದನ್ನು ಗೆದ್ದರು. 1956ರಲ್ಲೇ ರೇಕ್ಯಾವಿಕ್‌ನಲ್ಲಿ ಐಸ್‌ಲ್ಯಾಂಡಿನ ಫ್ರಿಡ್ರಿಕ್ ಓಲಾಫ್‌ಸನ್ ಜೊತೆ ನಾರ್ಡಿಕ್ ಪಟ್ಟಕ್ಕಾಗಿ ಎಂಟು ಆಟಗಳ ಪಂದ್ಯ ಆಡಿ, ನಾಲ್ಕೂವರೆ–ಮೂರೂವರೆಯಿಂದ ಗೆದ್ದರು.

ಆ ಕಾಲದ ಆಟದ ಕ್ರಮವನ್ನೂ ಸ್ವಲ್ಪ ತಿಳಿದಿರಬೇಕು. ಸಾಮಾನ್ಯವಾಗಿ ಒಬ್ಬೊಬ್ಬರಿಗೆ 40 ನಡೆಗೆ ಎರಡೂವರೆ ಗಂಟೆ. ಐದು ಗಂಟೆಯಾದರೂ ಆಟ ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿಸಿ ಆಮೇಲೆ ಮುಂದುವರಿಸುತ್ತಿದ್ದರು. ಯಾರ ಸರದಿಯೋ ಅವರು ಮುಂದಿನ ನಡೆಯನ್ನು ಹಲಗೆಯ ಮೇಲೆ ಆಡದೆ, ಎದುರಾಳಿಗೆ ಕಾಣದಂತೆ ಬರೆದು ಲಕೋಟೆಯಲ್ಲಿಟ್ಟು ಅಂಟಿಸಬೇಕು. ಲಕೋಟೆಯ ಮೇಲೆ ಕಾಯಿಗಳ ಸ್ಥಾನ, ಇಬ್ಬರೂ ಬಳಸಿದ ಸಮಯ. ಅದು ತೀರ್ಪುಗಾರರ ವಶದಲ್ಲಿರುತ್ತದೆ. ಬರೆದ ನಡೆ ನಿಯಮಬಾಹಿರವಾಗಿದ್ದರೆ, ಅಥವಾ ಯಾವ ಕುದುರೆ, ಯಾವ ಆನೆ ಎಂದು ಖಚಿತವಾಗದಿದ್ದರೆ, ಆಟವೇ ಹೋಯಿತು. ನಿಂತ ಆಟವನ್ನು ರಾತ್ರಿಯಿಡೀ ವಿಶ್ಲೇಷಿಸಲು ಸೋವಿಯತ್ ಆಟಗಾರನ ಪಕ್ಕದಲ್ಲಿ ಐವರು ಗ್ರ್ಯಾಂಡ್‌ಮಾಸ್ಟರ್‌ಗಳು. ಡೆನ್ಮಾರ್ಕಿನವರ ಪಕ್ಕದಲ್ಲಿ ಒಬ್ಬರೂ ಇಲ್ಲ. ಮಾಸ್ಕೋದ ಆ 14 ಅಂಕಗಳನ್ನು ಇದನ್ನು ನೆನಪಿಟ್ಟುಕೊಂಡೇ ಅಳೆಯಬೇಕು.

ಹನ್ನೊಂದು ಗೆಲುವು ತಂದ ಗುಣ ಯಾವುದು? ಸಮಬಲದ ಸ್ಥಿತಿಯಲ್ಲೂ, ಕಪ್ಪು ಕಾಯಿ ಹಿಡಿದಾಗಲೂ ಗೆಲುವಿಗೇ ಆಡುವುದು. ಇದೇ ಗುಣ ಎರಡು ವರ್ಷದ ನಂತರ ಅವರಿಗೆ ಮುಳುವಾಯಿತು. 1958ರಲ್ಲಿ ಪೋರ್ಟೊರೋಜ್‌ನಲ್ಲಿ ನಡೆದ ಇಂಟರ್‌ಜೋನಲ್ ಎಂಬ ಅರ್ಹತಾ ಟೂರ್ನಿಯಲ್ಲಿ 21 ಆಟಗಾರರು. ವಿಶ್ವ ಪಟ್ಟದ ಮುಂದಿನ ಸುತ್ತಿಗೆ ಹೋಗುವವರು ಆರು ಮಂದಿ. ಲಾರ್ಸೆನ್ 20 ಆಟಗಳಲ್ಲಿ ಎಂಟೂವರೆ ಅಂಕ ಗಳಿಸಿ 16ನೆಯವರಾದರು.

ಅಲ್ಲಿನ ಒಂದು ಆಟವನ್ನು ಹತ್ತಿರದಿಂದ ನೋಡೋಣ. ಬಿಳಿ ಕಾಯಿ 15 ವರ್ಷದ ಬಾಬಿ ಫಿಶರ್ ಅವರದು, ಕಪ್ಪು ಲಾರ್ಸೆನ್ ಅವರದು. ಆಟದ ಆರಂಭ ಸಿಸಿಲಿಯನ್ ರಕ್ಷಣೆಯ ಡ್ರ್ಯಾಗನ್ ಪದ್ಧತಿ. ಬಿಳಿ ರಾಜ ರಾಣಿಯ ಕಡೆಗೆ ಕ್ಯಾಸ್ಲಿಂಗ್ ಮಾಡಿದ್ದಾನೆ, ಅಂದರೆ ಆನೆಯೊಂದಿಗೆ ಒಂದೇ ನಡೆಯಲ್ಲಿ ಬದಿಗೆ ಸರಿದಿದ್ದಾನೆ; ಕಪ್ಪು ರಾಜ ತನ್ನ ಕಡೆಗೇ. ಹೀಗಾದಾಗ ಇಬ್ಬರೂ ಎದುರಾಳಿಯ ರಾಜನತ್ತ ಪದಾತಿಗಳನ್ನು ಓಡಿಸುತ್ತಾರೆ. ಮೊದಲು ತಲುಪಿದವರಿಗೆ ಜಯ.

ಹಲಗೆಯ ಉದ್ದ ಸಾಲುಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡ ಸಾಲುಗಳಿಗೆ 1ರಿಂದ 8ರವರೆಗೆ ಅಂಕಿ. 15ನೇ ನಡೆಯಲ್ಲಿ ಫಿಶರ್ ಅವರ ಒಂಟೆ ಡಿ5 ಮನೆಗೆ ಬಂತು. ಎಫ್6ರಲ್ಲಿದ್ದ ಕಪ್ಪು ಕುದುರೆಯಿಂದ ಅದನ್ನು ಹೊಡೆಯಬಹುದಿತ್ತು. ಆಗ ಬಿಳಿಯ ಇನ್ನೊಂದು ಒಂಟೆ ಜಿ7ರ ಕಪ್ಪು ಒಂಟೆಯನ್ನು ಹೊಡೆಯುತ್ತದೆ. ಕಪ್ಪು ಕುದುರೆ ಸಿ3ಕ್ಕೆ ಹಾರಿ ರಾಜನಿಗೆ ಚೆಕ್ ಕೊಡುತ್ತದೆ. ಬಿಳಿ ಒಂಟೆಯಿಂದ ಕುದುರೆಯನ್ನು ಹೊಡೆದರೆ ರಾಣಿಗಳು ಬದಲಾಗಿ, ಬಿಳಿಗೆ ಒಂದು ಪದಾತಿ ಹೆಚ್ಚು ಉಳಿದರೂ ಅದರ ಎರಡು ಪದಾತಿಗಳು ಸಿ ಸಾಲಿನಲ್ಲಿ ಒಂದರ ಹಿಂದೊಂದು ಸಿಕ್ಕಿಕೊಳ್ಳುತ್ತವೆ. ಆಟ ಸಮ. ಲಾರ್ಸೆನ್‌ಗೆ ಈ ದಾರಿ ಕಾಣಲಿಲ್ಲವೆಂದಲ್ಲ. ಗೆಲ್ಲಬೇಕೆಂದಿದ್ದರಿಂದ ಡ್ರಾ ಬಿಟ್ಟೆ ಎಂದು ಆಟದ ನಂತರ ಅವರು ಹೇಳಿದ್ದನ್ನು ಫಿಶರ್ ದಾಖಲಿಸಿದ್ದಾರೆ. ಕುದುರೆಯನ್ನು ಮುಟ್ಟದೆ ಅವರು ಆನೆಯನ್ನು ಸಿ8ಕ್ಕೆ ಒಯ್ದರು.

ಫಿಶರ್ ಒಂಟೆಯನ್ನು ಬಿ3ಕ್ಕೆ ಹಿಂದೆಗೆದುಕೊಂಡರು. ಬಿಳಿ ರಾಜನಿಗೆ ಈಗ ಕಾವಲು ಸಿಕ್ಕಿತು, ಕಪ್ಪಿನ ದಾಳಿಗೆ ಹಿಡಿಯಲು ಏನೂ ಉಳಿಯಲಿಲ್ಲ. ಮುಂದೆ ಎಚ್ ಪದಾತಿ ಎಚ್4, ಎಚ್5; ಅಲ್ಲಿಂದ ಜಿ6ರಲ್ಲಿ ಹೊಡೆತ, ಎಚ್ ಸಾಲು ತೆರೆಯಿತು. ಜಿ ಪದಾತಿ ಜಿ4, ಜಿ5ಕ್ಕೆ ನುಗ್ಗಿ ಕುದುರೆಯನ್ನು ಎಚ್5ಕ್ಕೆ ಅಟ್ಟಿತು. 22ನೇ ನಡೆಯಲ್ಲಿ ಆನೆಯನ್ನೇ ಕೊಟ್ಟು ಆ ಕುದುರೆಯನ್ನು ತೆಗೆದರು. ರಾಜನನ್ನು ಕಾಯುತ್ತಿದ್ದ ಜಿ6ರ ಪದಾತಿ ಆನೆಯನ್ನು ಹೊಡೆಯಲು ಪಕ್ಕಕ್ಕೆ ಸರಿಯಲೇಬೇಕಾಯಿತು, ಕೋಟೆ ಒಡೆಯಿತು. 31ನೇ ನಡೆಗೆ ಲಾರ್ಸೆನ್ ಶರಣಾದರು.

ಕಪ್ಪು ಆಡುವವರು ಇಲ್ಲಿ ಗಮನಿಸಬೇಕಾದದ್ದು: ಸಿ ಸಾಲಿನಲ್ಲಿ ಎರಡು ಆನೆ ಕೂಡಿಸಿದ ಮಾತ್ರಕ್ಕೆ ದಾಳಿಯಾಗುವುದಿಲ್ಲ. ಬಿ3ರ ಒಂಟೆಯನ್ನು ಬದಲಾಯಿಸಲು ಆಗದಿದ್ದರೆ ಆ ಆನೆಗಳು ಗೋಡೆಗೆ ಮುಖ ಮಾಡಿ ನಿಂತಂತೆ. ಬಿಳಿಗೆ ಎಚ್ ಸಾಲು ತೆರೆಯಲು ಹೆಚ್ಚು ನಡೆ ಬೇಡ.

ಇಷ್ಟಾದರೂ ಲಾರ್ಸೆನ್ ಡ್ರಾಗಳ ಸುರಕ್ಷಿತ ಆಟಕ್ಕೆ ತಿರುಗಲಿಲ್ಲ. 1959, 1963, 1964ರಲ್ಲಿ ಮತ್ತೆ ರಾಷ್ಟ್ರೀಯ ಪಟ್ಟ, ಒಟ್ಟು ಆರು. 1964ರ ಆಮ್‌ಸ್ಟರ್‌ಡ್ಯಾಮ್ ಇಂಟರ್‌ಜೋನಲ್‌ನಲ್ಲಿ 23 ಆಟಗಳಿಗೆ 17 ಅಂಕ. ಸೋವಿಯತ್ ಆಟಗಾರರಾದ ಸ್ಮಿಸ್ಲೊವ್, ಸ್ಪಾಸ್ಕಿ, ತಾಲ್ ಈ ಮೂವರ ಜೊತೆ ಮೊದಲ ಸ್ಥಾನ ಹಂಚಿಕೊಂಡ ನಾಲ್ಕನೆಯವರು ಅವರು. ಮರುವರ್ಷ ವಿಶ್ವ ಪಟ್ಟದ ಮುಂದಿನ ಸುತ್ತಿನ ಪಂದ್ಯದಲ್ಲಿ, ಯುಗೊಸ್ಲಾವಿಯದ ಬ್ಲೆಡ್‌ನಲ್ಲಿ ಎದುರು ಕೂತವರು ಬೊರಿಸ್ಲಾವ್ ಇವ್ಕೊವ್, 1951ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮೊದಲ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಲಾರ್ಸೆನ್ ಕೂಡ ಆಡಿದ್ದಾಗ ಪಟ್ಟ ಗೆದ್ದವರು. ಈ ಸಲ ಲಾರ್ಸೆನ್ ಐದೂವರೆ, ಇವ್ಕೊವ್ ಎರಡೂವರೆ. ಮುಂದಿನ ಪಂದ್ಯದಲ್ಲಿ ತಾಲ್ ಎದುರು ಒಂದೇ ಅಂಕದ ಅಂತರದಲ್ಲಿ, ನಾಲ್ಕೂವರೆ–ಐದೂವರೆಯಿಂದ ಸೋತು ಹೊರಬಂದರು.

ನಮಸ್ಕಾರ.