ಆ ಮಾಡೆಲ್ ಈಗ ಬರುವುದಿಲ್ಲ

(ರಾಷ್ಟ್ರೀಯ ಗ್ರಾಹಕರ ದಿನದಂದು ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಸಭಿಕ ಬಂಧುಗಳೇ,

ಕಾಯ್ದೆಯ ಬಗ್ಗೆ, ಆಯೋಗಕ್ಕೆ ದೂರು ಕೊಡುವ ಕ್ರಮದ ಬಗ್ಗೆ ನನಗಿಂತ ಮೊದಲು ಮಾತನಾಡಿದವರು ವಿವರವಾಗಿ ಹೇಳಿರುವುದರಿಂದ ಆ ಭಾರ ನನ್ನ ಮೇಲಿಲ್ಲ. 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ನೆನಪಿಗೆ ಸೇರಿರುವ ಈ ಸಭೆಯಲ್ಲಿ ನಾನು ಹೇಳಬೇಕೆಂದಿರುವುದು ಸಣ್ಣ ವಿಷಯ. ತಯಾರಿಕೆ ನಿಂತುಹೋದ ಒಂದು ವ್ಯಾಕ್ಯೂಮ್ ಕ್ಲೀನರಿಗೆ ಬಿಡಿಭಾಗ ಹುಡುಕಿದ ಕತೆ ಅದು. ಮೇಜಿನ ಮೇಲಿರುವ, ಹೊಟ್ಟೆ ಉಬ್ಬಿದ ಕೆಂಪು ಡಬ್ಬವೇ ಆ ಯಂತ್ರ. ಒಳಗೆ ಬರುವಾಗ ಒಬ್ಬರು ಇದನ್ನು ಗ್ಯಾಸ್ ಸಿಲಿಂಡರ್ ಎಂದುಕೊಂಡು ಎರಡು ಸಾಲು ಹಿಂದೆ ಸರಿದು ಕುಳಿತರು.

ನನ್ನ ತಾಯಿಗೆ ಉಬ್ಬಸವಿತ್ತು. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ತಿರುಗಿದ ದಿನ ನಮ್ಮೂರಿನಲ್ಲಿ ಒಣಹಾಕಿದ ಬಟ್ಟೆಯ ಗತಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಟೈ ಕಟ್ಟಿಕೊಂಡ ಹುಡುಗನೊಬ್ಬ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬಂದು, ಅಮ್ಮನ ಹಾಸಿಗೆಯ ಮೇಲೆ ಕೊಳವೆ ಆಡಿಸಿ, ನಡುವೆ ಹಿಡಿದಿದ್ದ ಬಿಳಿ ಬಟ್ಟೆಯಲ್ಲಿ ಸಿಕ್ಕಿಕೊಂಡ ಬೂದು ಧೂಳನ್ನು ತೋರಿಸಿದಾಗ, ಅಷ್ಟು ದಿನ ಆ ಹಾಸಿಗೆ ಒಗೆದು ಒಣಗಿಸಿದ್ದ ನನ್ನ ಹೆಂಡತಿಗೆ ಅವಮಾನವಾಯಿತು, ನನಗೆ ಖರ್ಚಾಯಿತು. ಆ ಹುಡುಗನ ಬಟ್ಟೆಯ ಆಟ ಹಳೆಯದು ಎಂದು ನನಗೆ ಆಮೇಲೆ ತಿಳಿಯಿತು. 1901ರಲ್ಲಿ ಇಂಗ್ಲೆಂಡಿನಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಪಡೆದ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಉಸಿರೆಳೆದು, ಬಟ್ಟೆಯ ಅಡಿಗೆ ಮೆತ್ತಿದ ಧೂಳನ್ನು ನೋಡಿಯೇ ಧೈರ್ಯ ತಂದುಕೊಂಡನಂತೆ.

ಯಂತ್ರ ಚೆನ್ನಾಗಿಯೇ ದುಡಿಯಿತು. ಕಳೆದ ವರ್ಷ ದೀಪಾವಳಿಯ ಸ್ವಚ್ಛತೆಯ ದಿನ ಸುಟ್ಟ ವಾಸನೆ ಬಂದು, ಹಿಂಬದಿಯ ಜಾಲರಿಯಲ್ಲಿ ನೀಲಿ ಕಿಡಿ ಕಂಡು, ಮೋಟರು ಕೆಮ್ಮಿ ನಿಂತಿತು. ಸಹಾಯವಾಣಿಗೆ ಫೋನು ಮಾಡಿದೆ. ಸಂಗೀತ ಕೇಳಿದೆ, ಒಂದು ಒತ್ತಿದೆ, ನಾಲ್ಕು ಒತ್ತಿದೆ, ಮತ್ತೆ ಸಂಗೀತ ಕೇಳಿದೆ. ಕೊನೆಗೊಬ್ಬ ಹೆಣ್ಣುಮಗಳು ಬಹಳ ವಿನಯದಿಂದ, "ಸರ್, ಆ ಮಾಡೆಲ್ ಈಗ ಬರುವುದಿಲ್ಲ, ಸ್ಪೇರೂ ಇಲ್ಲ, ಎಕ್ಸ್‌ಚೇಂಜ್ ಆಫರ್ ಇದೆ" ಎಂದರು. ಕೆಟ್ಟದ್ದು ಯಾವ ಭಾಗವೆಂದು ಅವರು ಕೇಳಲಿಲ್ಲ. ಕೇಳಿದ್ದರೂ ಹೇಳಲು ನನಗೆ ಗೊತ್ತಿರಲಿಲ್ಲ. ಈ ಎರಡನೆಯ ಮಾತನ್ನು ದಯವಿಟ್ಟು ಗಮನಿಸಿ, ಏಕೆಂದರೆ ನನ್ನ ಇಡೀ ವಾದ ಅದರ ಮೇಲೆ ನಿಂತಿದೆ.

ಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆ. ಮೂರರಲ್ಲಿಯೂ ಮೊದಲ ಪ್ರಶ್ನೆ "ಯಾವ ಕಂಪನಿ?" ಎಂದೇ ಇತ್ತು, ಹೆಸರು ಹೇಳಿದೊಡನೆ ಕೈ ಆಡಿಸಿಬಿಡುತ್ತಿದ್ದರು. ನಾಲ್ಕನೆಯದು ಮಿಕ್ಸಿ ಮೋಟರು ವೈಂಡಿಂಗ್ ಮಾಡುವ, ಇಬ್ಬರು ನಿಂತರೆ ಮೂರನೆಯವರು ಹೊರಗಿರಬೇಕಾದಷ್ಟು ಜಾಗದ ಅಂಗಡಿ. ಅಲ್ಲಿದ್ದ ಹಿರಿಯರು ಕಂಪನಿಯ ಹೆಸರನ್ನು ಕೇಳಲೇ ಇಲ್ಲ. "ಬಿಚ್ಚಿ ನೋಡಾಣ ಬಿಡ್ರಿ ಸರ, ಒಳಗ ಎಲ್ಲಾ ಒಂದೇ ಐತಿ" ಎಂದು ಸ್ಕ್ರೂ ತೆಗೆದರು. ಒಳಗಿನಿಂದ ಬೆರಳ ತುದಿಯಷ್ಟರ ಎರಡು ಕಪ್ಪು ತುಣುಕುಗಳನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. ಕಾರ್ಬನ್ ಬ್ರಷ್ಷುಗಳು. ಒಂದು ಕಡಲೆಬೇಳೆಯಷ್ಟಕ್ಕೆ ಸವೆದಿತ್ತು.

ಈ ಮೋಟರು ನಿಮ್ಮ ಮಿಕ್ಸಿಯ, ಬಡಗಿಯ ಡ್ರಿಲ್ಲಿನ ಮೋಟರಿನ ಜಾತಿಯದೇ ಆಗಿದೆ. ತಿರುಗುವ ಆರ್ಮೇಚರಿಗೆ ವಿದ್ಯುತ್ತು ಮುಟ್ಟಿಸಲು ಎರಡು ಬದಿಯಿಂದ ಸ್ಪ್ರಿಂಗು ಒತ್ತಿ ಹಿಡಿದ ಕಾರ್ಬನ್ನುಗಳು ಬೇಕು; ನಿಮಿಷಕ್ಕೆ 20,000 ಸುತ್ತನ್ನೂ ಮೀರುವ ತಾಮ್ರದ ಮೈಗೆ ಉಜ್ಜಿಕೊಂಡು ಅವು ಸವೆಯಲೇಬೇಕು. ಚಪ್ಪಲಿಯ ಅಟ್ಟೆಯಂತೆ, ಸವೆಯುವುದಕ್ಕೆಂದೇ ಇಟ್ಟ ಭಾಗ ಅದು. ಆ ಹಿರಿಯರು ವರ್ನಿಯರ್ ಹಿಡಿದು 6 ಮಿಲಿಮೀಟರ್ ದಪ್ಪ, 11 ಅಗಲ ಎಂದು ಅಳೆದು, ಹಳೆಯ ಬಿಸ್ಕತ್ತಿನ ಡಬ್ಬದಿಂದ ಡ್ರಿಲ್ಲಿನ ಕಾರ್ಬನ್ ಜೋಡಿಯೊಂದನ್ನು ಆರಿಸಿದರು. ಅದರ ದಪ್ಪ 7 ಇತ್ತು. ನೆಲದ ಕಡಪಾ ಕಲ್ಲಿನ ಮೇಲೆ ಎಮರಿ ಕಾಗದ ಹಾಸಿ, ತುಣುಕನ್ನು ಮೂರು ಬೆರಳಲ್ಲಿ ಹಿಡಿದು, ಒಂದೇ ದಿಕ್ಕಿನಲ್ಲಿ ಉಜ್ಜುತ್ತ, ನಡುನಡುವೆ ಕಾರ್ಬನ್ ಕೂರುವ ಹಿತ್ತಾಳೆಯ ಗೂಡಿನಲ್ಲಿಟ್ಟು ನೋಡುತ್ತಿದ್ದರು. ಬಿಗಿಯಾಗಿ ಕೂತರೆ ಸವೆದಂತೆ ಮುಂದೆ ಸರಿಯದೆ ಮತ್ತೆ ಕಿಡಿ ಬರುತ್ತದೆ, ಸಡಿಲವಾದರೆ ಅಲುಗಿ ತಾಮ್ರವನ್ನು ಕೆತ್ತುತ್ತದೆ. ತನ್ನ ಭಾರಕ್ಕೆ ತಾನೇ ಜಾರಬೇಕು. ಹಾಗೆ ಜಾರಿದಾಗ ಅವರು ತಲೆಯೆತ್ತಿ ನೋಡಿದ ನೋಟ ಇನ್ನೂ ನನ್ನ ಕಣ್ಣಮುಂದಿದೆ. ಅವರ ತಂದೆ ಇಲ್ಲಿಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರಂತೆ. ಮ್ಯಾಂಚೆಸ್ಟರ್ ಎಂಬ ನಮ್ಮೂರಿನ ಹಳೆಯ ಬಿರುದನ್ನು ಎತ್ತಿ ನಿಮಗೆ ಬೇಸರ ತರಿಸುವುದಿಲ್ಲ. ಗಿರಣಿಗಳು ಮುಚ್ಚಿದರೂ ಅರ ಹಿಡಿಯುವ ಕೈ ಊರಿನಲ್ಲಿ ಉಳಿದಿದೆ ಎಂದಷ್ಟೇ ಹೇಳುತ್ತೇನೆ. ಎಲ್ಲ ಸೇರಿ ನೂರಿಪ್ಪತ್ತು ರೂಪಾಯಿ ತೆಗೆದುಕೊಂಡರು.

ಆದ್ದರಿಂದ ನನ್ನ ಮಾತು ಇಷ್ಟೇ: ಅಂಗಡಿಯಲ್ಲಿ ಹೆಸರು ಹೇಳಬೇಡಿ, ಅಳತೆ ಹೇಳಿ. ನಿಂತುಹೋಗುವುದು ಮಾಡೆಲ್ಲಿನ ಹೆಸರು ಮತ್ತು ಹೊರಗಿನ ಪ್ಲಾಸ್ಟಿಕ್ ಅಂಗಿ. ಒಳಗಿನ ಬೇರಿಂಗನ್ನು ಒರೆಸಿ ನೋಡಿದರೆ ಬಹಳ ಸಲ 608 ಎಂಬ ಅಂಕಿ ಕಾಣುತ್ತದೆ. ಒಳವ್ಯಾಸ 8, ಹೊರವ್ಯಾಸ 22, ಅಗಲ 7 ಮಿಲಿಮೀಟರ್ ಎಂದು ಅದರ ಅರ್ಥ. ಮಕ್ಕಳ ಸ್ಕೇಟಿಂಗ್ ಚಕ್ರದಲ್ಲಿರುವುದೂ ಅದೇ. ಕಂಪನಿಯ ಹೆಸರು ಹೇಳಿದರೆ "ಇಲ್ಲ" ಎನ್ನುವ ಅಂಗಡಿಯವನೇ 608 ಎಂದರೆ "ಎಷ್ಟು ಬೇಕು?" ಎನ್ನುತ್ತಾನೆ. ಕೊಳವೆ ಹಿಡಿಕೆಯ ಬುಡದಲ್ಲಿ ಸೀಳಿದ್ದರೆ ಹೊಸದನ್ನು ಹುಡುಕುವ ಮೊದಲು ಸೀಳಿದ ನಾಲ್ಕು ಬೆರಳಷ್ಟನ್ನು ಕತ್ತರಿಸಿ, ಉಳಿದದ್ದನ್ನು ಹಿಡಿಕೆಯ ಒಳಗೆ ತಿರುಪಿನಂತೆ ತಿರುಗಿಸಿ ನೋಡಿ. ಹೆಚ್ಚಿನವು ಅಂಟಿಸಿದವಲ್ಲ, ತಿರುಪಿದವು.

ಇದು ತೇಪೆ ಕೆಲಸ ಎಂದು ಮೂಗು ಮುರಿಯುವವರು ಯಂತ್ರದ ಹುಟ್ಟನ್ನು ನೆನೆಯಬೇಕು. ಮನೆಯಲ್ಲಿ ಕೈಯಿಂದ ತಳ್ಳುವ ವಿದ್ಯುತ್ ಕ್ಲೀನರನ್ನು ರೂಪಿಸಿ 1908ರಲ್ಲಿ ಪೇಟೆಂಟ್ ಪಡೆದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಮೆರಿಕದ ಓಹಾಯೋದಲ್ಲಿ ಅಂಗಡಿ ಗುಡಿಸುತ್ತಿದ್ದವನು, ನನ್ನ ತಾಯಿಯಂತೆ ಉಬ್ಬಸದವನು. ಫ್ಯಾನಿನ ಮೋಟರು, ಪೊರಕೆಯ ಹಿಡಿ, ಧೂಳು ಹಿಡಿಯಲು ದಿಂಬಿನ ಚೀಲ ಸೇರಿಸಿ ಅವನು ಮೊದಲನೆಯದನ್ನು ಕಟ್ಟಿದ. ಬೇರೆಯವುಗಳ ಭಾಗದಿಂದಲೇ ಹುಟ್ಟಿದ ಯಂತ್ರಕ್ಕೆ ಡ್ರಿಲ್ಲಿನ ಕಾರ್ಬನ್ ಹಾಕಿದರೆ ಜಾತಿ ಕೆಡುವುದಿಲ್ಲ!

ದಿಂಬಿನ ಚೀಲ ಎಂದೆನೆಂದು ಯಾರೂ ಇವತ್ತೇ ದಪ್ಪ ಬಟ್ಟೆಯಲ್ಲಿ ಚೀಲ ಹೊಲಿಸಬೇಡಿ. ನಾನು ಹೊಲಿಸಿ ಪಾಠ ಕಲಿತಿದ್ದೇನೆ. ಒಣ ಧೂಳಿನ ಇಂಥ ಯಂತ್ರಗಳಲ್ಲಿ ಒಳಗೆ ಎಳೆದ ಗಾಳಿಯೇ ಮೋಟರನ್ನು ತಣಿಸುತ್ತದೆ. ಗಾಳಿ ಕಟ್ಟಿದರೆ ಅದು ಬೇಯುತ್ತದೆ. ಕೊಳವೆಯ ಬಾಯಿ ಮುಚ್ಚಿದಾಗ ಮೋಟರಿನ ಸ್ವರ ಏರುತ್ತದಲ್ಲ, ಪಾಪ, ಹೆಚ್ಚು ದುಡಿಯುತ್ತಿದೆ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಸಾಗಿಸಲು ಗಾಳಿಯೇ ಇಲ್ಲದೆ ಭಾರ ಕಡಿಮೆಯಾಗಿ ವೇಗ ಏರಿರುತ್ತದೆ.

ಕೆಳಗಿನಿಂದ ಚೀಟಿ ಬಂದಿದೆ, ಐದು ನಿಮಿಷವಂತೆ. ಕಾನೂನಿನ ಭಾಗವನ್ನು ಓಡಿಸಿಬಿಡುತ್ತೇನೆ. ಯೂರೋಪಿನ ಒಕ್ಕೂಟ 2013ರಲ್ಲಿಯೇ ಮಾಡಿದ ನಿಯಮದಂತೆ ಈ ಯಂತ್ರದ ಕೊಳವೆ 40,000 ಸಲ ಬಾಗಿದರೂ ಬಳಕೆಗೆ ಬರಬೇಕು, ಮೋಟರು 500 ಗಂಟೆ ಬಾಳಬೇಕು. ವಾರಕ್ಕೆ 20 ನಿಮಿಷ ಓಡಿಸುವ ಮನೆಯಲ್ಲಿ 500 ಗಂಟೆ ಎಂದರೆ ಸುಮಾರು 29 ವರ್ಷ. ನಮ್ಮಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ನೇಮಿಸಿತು, ಅದೇ ವರ್ಷ ಇದೇ ಡಿಸೆಂಬರ್ 24ರಂದು ಜಾಲತಾಣ ತೆರೆಯಿತು. ಒಳ್ಳೆಯದೇ. ಆದರೆ ನನ್ನದೊಂದು ಹೆಚ್ಚಿನ ಬೇಡಿಕೆಯಿದೆ: ಮಾಡೆಲ್ ನಿಲ್ಲಿಸುವ ದಿನ ಕಂಪನಿಯು ಕಾರ್ಬನ್ನಿನ, ಬೇರಿಂಗಿನ, ಕೊಳವೆಯ ಅಳತೆಗಳನ್ನು ಒಂದು ಹಾಳೆಯಲ್ಲಿ ಪ್ರಕಟಿಸಬೇಕು. ಬಿಡಿಭಾಗವನ್ನು ಹತ್ತು ವರ್ಷ ಗೋದಾಮಿನಲ್ಲಿಡಲು ಖರ್ಚಿದೆ ಎಂಬ ವಾದವನ್ನು ಒಪ್ಪೋಣ; ಹಾಳೆಗೇನು ಖರ್ಚು? ನೋಡಿ, ಮತ್ತೆ ಅಳತೆಗೇ ಬಂದೆ.

ವಯರು ಸುತ್ತುವ ಚಕ್ರದ ಬಗ್ಗೆ, ಮುರಿದ ಕೊಂಡಿಯ ಬಗ್ಗೆ ಹೇಳಬೇಕೆಂದು ಬರೆದುಕೊಂಡಿದ್ದೆ, ಅದಕ್ಕೆ ಹೊತ್ತಿಲ್ಲ. ವರ್ನಿಯರ್ ಜೇಬಿನಲ್ಲಿದೆ. ಚಹಾ ಕೊಡುವ ಕಡೆ ನಿಂತಿರುತ್ತೇನೆ; ಸವೆದ ಕಾರ್ಬನ್ ತಂದಿರುವವರು ಅಲ್ಲಿಗೆ ಬಂದರೆ ಅಳೆದು ಚೀಟಿಯಲ್ಲಿ ಬರೆದುಕೊಡುತ್ತೇನೆ. ಈ ಕೆಂಪು ಡಬ್ಬವನ್ನು ಆಟೋದವರೆಗೆ ಹೊರಲು ಮಾತ್ರ ಯಾರಾದರೊಬ್ಬರು ಕೈ ಕೊಡಬೇಕು, ಹಿಡಿಕೆ ಮುರಿದಿದೆ. ನಮಸ್ಕಾರ.